ಓದುಗರ ಪ್ರಶ್ನೆ: ಕೌದಿಯ ಸೂಜಿ, ದಾರ, ಸುಕ್ಕು

ಕೈಯಲ್ಲಿ ಕೌದಿ ಹೊಲಿಯುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೌದಿ, ಕವದಿ, ಬೊಂತೆ ಎಂದು ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಕರೆದಿದ್ದೀರಿ. ಬಂದ ಪತ್ರಗಳಲ್ಲಿ ಬಹಳಷ್ಟು ಸುಕ್ಕಿನ ದೂರು. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಅತ್ತೆಯವರ ಹಳೆಯ ಸೀರೆಗಳು ಹತ್ತು-ಹನ್ನೆರಡಿವೆ. ಒಬ್ಬರು ಹೊದೆಯುವ ಕೌದಿಗೆ ಎಷ್ಟು ಸೀರೆ ಬೇಕು? ಇಳಕಲ್ ಸೀರೆ, ಪಾಲಿಯೆಸ್ಟರ್ ಸೀರೆ ಎಲ್ಲವನ್ನೂ ಬೆರೆಸಿ ಹಾಕಬಹುದೇ?
— ಓದುಗರು, ದಾವಣಗೆರೆ

ನಾಲ್ಕು ಸೀರೆ ಸಾಕು. ಲೆಕ್ಕ ಹೀಗಿದೆ. ಒಬ್ಬರ ಕೌದಿ 1.5 ಮೀಟರ್ ಅಗಲ, ಸುಮಾರು 2.2 ಮೀಟರ್ ಉದ್ದ ಇದ್ದರೆ ಕಾಲು ಹೊರಗೆ ಬರುವುದಿಲ್ಲ. ಸೀರೆಯ ಉದ್ದ 5 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ 1.1ರಿಂದ 1.2 ಮೀಟರ್. ಒಂದೊಂದು ಸೀರೆಯನ್ನೂ 1.5 ಮೀಟರಿನಂತೆ ಮೂರು ತುಂಡು ಮಾಡಿ. ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ, ಒಂದರ ಮೇಲೊಂದು ಬೆರಳಗಲ ಏರಿಸಿ ಹೊಲಿದರೆ ಒಂದು ಪದರ. ಅಂದರೆ ಎರಡು ಸೀರೆಗೆ ಮೂರು ಪದರ. ನಾಲ್ಕು ಸೀರೆಯಿಂದ ಹನ್ನೆರಡು ತುಂಡು ಬರುತ್ತವೆ. ಅದರಲ್ಲಿ ಎಂಟು ತುಂಡು ಕೆಳಗಿನ ಅಸ್ತರಿಗೂ ಒಳಗಿನ ಮೂರು ಪದರಕ್ಕೂ ಹೋಗುತ್ತವೆ. ಉಳಿದ ನಾಲ್ಕು ತುಂಡು ಮತ್ತು ಚೂರುಪಾರುಗಳಿಂದ ಮೇಲಿನ ತೇಪೆಗಳಾಗುತ್ತವೆ. ತೇಪೆಯ ನಾಲ್ಕೂ ಬದಿ ಒಳಕ್ಕೆ ಮಡಚಬೇಕಾದ್ದರಿಂದ ಮೇಲಿನ ಪದರ ಬಟ್ಟೆಯನ್ನು ಹೆಚ್ಚು ತಿನ್ನುತ್ತದೆ. ಅದಕ್ಕೆ ಕೈಬಿಚ್ಚಿ ಇಟ್ಟುಕೊಳ್ಳಿ.

ಇಂಥ ಐದು ಪದರದ ಕೌದಿ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ನೆಲಕ್ಕೆ ಹಾಸಲು ಬೇಕಾದರೆ ಇನ್ನೊಂದೆರಡು ಪದರ ಸೇರಿಸಬಹುದು. ಆದರೆ ಆರು ದಾಟಿತೆಂದರೆ ಸೂಜಿಗೆ ಸಾಲಾಗಿ ನಾಲ್ಕು ಹೊಲಿಗೆ ಏರಿಸಲು ಬಟ್ಟೆ ಬಾಗುವುದಿಲ್ಲ. ಒಂದೊಂದೇ ಚುಚ್ಚಿ ಎಳೆಯಬೇಕು, ಕೆಲಸ ಎರಡರಷ್ಟಾಗುತ್ತದೆ.

ಪಾಲಿಯೆಸ್ಟರ್ ಬೇಡ. ಅದು ಬೆವರು ಹೀರುವುದಿಲ್ಲ, ಹತ್ತಿಯ ನಡುವೆ ಇಟ್ಟರೆ ಜಾರಿ ಒಂದು ಕಡೆ ಗುಡ್ಡೆಯಾಗುತ್ತದೆ. ಅದರ ಒತ್ತಾದ ನೇಯ್ಗೆ ಸೂಜಿಯನ್ನು ತಡೆಯುತ್ತದೆ. ಯಾವ ಸೀರೆ ಯಾವುದರದ್ದು ಎಂದು ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೂ ದಡಿ ಮತ್ತು ಟೋಪಿ ತೆನೆ ಸೆರಗು ರೇಷ್ಮೆಯದ್ದೋ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯದ್ದೋ ಇರುವುದು ಹೆಚ್ಚು. ಆರ್ಟ್ ಸಿಲ್ಕ್ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಒಗೆಯುವಾಗ ಮೊದಲು ಹರಿಯುವುದು ಅದೇ. ಅದನ್ನು ಬಿಡಿಸಿ, ದಿಂಬಿನ ಕಡೆ ಬರುವ ಮೇಲ್ತುದಿಗೆ ಪಟ್ಟಿಯಾಗಿ ಹಚ್ಚಿ. ಅಲ್ಲಿ ತಿಕ್ಕಾಟ ಕಡಿಮೆ, ಕಣ್ಣಿಗೂ ಕಾಣುತ್ತದೆ. ದಡಿ ಬಿಡಿಸಿದ ತುಂಡು ಕಿರಿದಾಗುವುದರಿಂದ ಕೌದಿಯ ಉದ್ದ 2 ಮೀಟರಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಕತ್ತರಿ ಹಾಕುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕತ್ತರಿಸುವ ಮುಂಚೆ ಎಲ್ಲ ಸೀರೆಯನ್ನೂ ಗಂಜಿ ಹೋಗುವಂತೆ ಒಗೆದು ಒಣಗಿಸಿ. ಬಣ್ಣ ಬಿಡುವ ಸೀರೆಯನ್ನು ಪತ್ತೆ ಹಚ್ಚಲು ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂದು ಹಲವರು ಬರೆದಿದ್ದೀರಿ. ಬಣ್ಣ ಹಾಕಿ ಮುಗಿದ ಹತ್ತಿ ಬಟ್ಟೆಗೆ ಅವೆರಡನ್ನೂ ನಂಬಬೇಡಿ. ಮೂರು-ನಾಲ್ಕು ಸಲ ಒಗೆದರೂ ಬಣ್ಣ ಬಿಡುತ್ತಲೇ ಇದ್ದರೆ ಆ ಸೀರೆಯನ್ನು ಬಿಳಿ ತೇಪೆಯ ಹತ್ತಿರ ತರಬೇಡಿ.

ಕೊನೆಯ ಪರೀಕ್ಷೆ ಕೈಯದ್ದು. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆ ಹಿಡಿದು ಜಗ್ಗಿ. ಪರ್ರನೆ ಹರಿದರೆ ಅದು ಒಳಪದರಕ್ಕೆ. ಎಷ್ಟು ಮೆತ್ತಗಿದ್ದರೂ ಮೇಲೆ ಬರಬಾರದು. ಹಾಗೆ ಸವೆದ ಸೀರೆ ಒಳಗೆ ಇದ್ದರೆ ಕೌದಿಗೆ ಆ ಬೆಣ್ಣೆಯಂಥ ಮೃದುತನ ಬರುತ್ತದೆ. ಅಂಗಡಿಯಿಂದ ತಂದ ಹೊಸ ಬಟ್ಟೆಯಿಂದ ಅದು ಬರಲು ವರ್ಷಗಳೇ ಬೇಕು.

ಎಷ್ಟು ಜಾಗ್ರತೆಯಿಂದ ಹೊಲಿದರೂ ಕೌದಿಯ ಮಧ್ಯೆ ಸುಕ್ಕು ಬೀಳುತ್ತದೆ. ಹಿಂಬದಿಯಲ್ಲಂತೂ ಬಟ್ಟೆ ಮಡಿಕೆಯಾಗಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ಬೆಂಗಳೂರು. ಇದೇ ಪ್ರಶ್ನೆ ಹಾಸನ, ಕಲಬುರಗಿ, ಮಂಗಳೂರಿನಿಂದಲೂ

ಸುಕ್ಕು ಯಾವ ಜಾತಿಯದ್ದು ಎಂದು ಮೊದಲು ನೋಡಬೇಕು. ಕೌದಿಯನ್ನು ನೆಲಕ್ಕೆ ಹಾಸಿ, ಅಂಗೈಯಿಂದ ಸವರಿ.

ಎರಡೂ ಬದಿಯಲ್ಲಿ ಹೊಲಿಗೆಯ ಸಾಲಿನುದ್ದಕ್ಕೂ ಬಟ್ಟೆ ಸೊಟ್ಟಗೆ ಮುದುಡಿದ್ದರೆ ದಾರ ಬಿಗಿಯಾಗಿದೆ. ಒಂದೇ ಬದಿಯಲ್ಲಿ ಗುಳ್ಳೆಯಂತೆ ಉಬ್ಬಿದ್ದು ಇನ್ನೊಂದು ಬದಿ ಸಮನಾಗಿದ್ದರೆ, ಹಾಸುವಾಗ ಒಂದು ಪದರ ಜಗ್ಗಿಕೊಂಡು ಇನ್ನೊಂದು ಸಡಿಲವಾಗಿ ಉಳಿದಿದೆ. ಒಂದು ತೇಪೆಯ ಮೂಲೆಯಿಂದ ಮಾತ್ರ ಬೀಸಣಿಗೆಯಂತೆ ಸುಕ್ಕು ಹರಡಿದ್ದರೆ ಆ ತೇಪೆಯನ್ನು ಓರೆಯಾಗಿ ಕತ್ತರಿಸಿದ್ದೀರಿ. ಹಾಸು-ಹೊಕ್ಕಿನ ನೇರಕ್ಕೆ ಕತ್ತರಿಸದ ಬಟ್ಟೆ ಕೈ ಇಟ್ಟ ಕಡೆಗೆಲ್ಲ ಹಿಗ್ಗುತ್ತದೆ. ತೇಪೆಯನ್ನು ಕತ್ತರಿಸುವ ಬದಲು ಅಂಚಿನಲ್ಲಿ ಸಣ್ಣ ಗೀರು ಹಾಕಿ ಕೈಯಿಂದ ಹರಿಯಿರಿ. ಸಾದಾ ನೇಯ್ಗೆಯ ಹತ್ತಿ ಬಟ್ಟೆ ಎಳೆಯ ಗುಂಟ ನೇರಕ್ಕೇ ಹರಿಯುತ್ತದೆ.

ನಿಮ್ಮ ಹಿಂಬದಿಯ ಮಡಿಕೆ ಎರಡನೆಯ ಜಾತಿ. ಅದರ ಮದ್ದು ಹಾಸುವುದರಲ್ಲೇ ಇದೆ. ಮೊದಲು ಅಸ್ತರನ್ನು ನೆಲಕ್ಕೆ ಹಾಸಿ, ನಾಲ್ಕೂ ಮೂಲೆ ಮತ್ತು ಬದಿಗಳ ನಡುವೆ ಭಾರ ಇಡಿ. ಟೈಲ್ಸ್ ನೆಲವಾದರೆ ಅಂಟುಪಟ್ಟಿ ಹಚ್ಚಿದರೂ ಆಯಿತು. ಬಟ್ಟೆ ಚಪ್ಪಟೆಯಾಗಿ ಮಲಗಬೇಕು, ತಬಲಾದ ಹಾಗೆ ಬಿಗಿಯಬಾರದು. ಬಿಗಿದು ಹಾಸಿದ ಅಸ್ತರು, ಭಾರ ತೆಗೆದ ಕೂಡಲೇ ತನ್ನ ಅಳತೆಗೆ ಮರಳುತ್ತದೆ. ಆಗ ಮೇಲಿನ ಬಟ್ಟೆಯೆಲ್ಲ ಹೆಚ್ಚಾಗಿ ಉಬ್ಬುತ್ತದೆ. ಆಮೇಲೆ ಒಂದೊಂದು ಪದರ ಹಾಸಿದಾಗಲೂ ನಡುವಿನಿಂದ ಅಂಚಿನ ಕಡೆಗೆ ಎರಡೂ ಅಂಗೈಯಲ್ಲಿ ಸವರಿ. ಎಲ್ಲ ಹಾಸಿ ಕೊನೆಗೆ ಒಮ್ಮೆ ಸವರಿದರೆ ಮೇಲಿನ ಪದರ ಮಾತ್ರ ಸರಿಯಾಗುತ್ತದೆ, ಒಳಗಿನ ಮಡಿಕೆ ಹಾಗೇ ಇರುತ್ತದೆ. ಒಳಪದರದ ಸೇರಿಕೆಗಳು ಒಂದರ ಮೇಲೊಂದು ಬಾರದಂತೆ ನಾಲ್ಕು ಬೆರಳು ಹಿಂದೆ-ಮುಂದೆ ಇಡಿ. ಇಲ್ಲದಿದ್ದರೆ ಕೌದಿಯ ನಟ್ಟನಡುವೆ ಹಗ್ಗದಂಥ ದಿಣ್ಣೆಯಾಗುತ್ತದೆ.

ಇನ್ನು ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಹಿಡಿದು, ಕೆಲಸ ಮುಗಿದ ಮೇಲೆ ಬಿಚ್ಚಿಬಿಡುವ ಹೊಲಿಗೆ. ಇದನ್ನು ಬಿಡುವವರೇ ಹೆಚ್ಚು, ಸುಕ್ಕಿನ ದೂರು ಬರೆಯುವವರೂ ಅವರೇ. ಎದ್ದು ಕಾಣುವ ಬಣ್ಣದ ದಾರದಲ್ಲಿ, ಎರಡು ಇಂಚಿನಷ್ಟು ದೊಡ್ಡ ಹೊಲಿಗೆಯಲ್ಲಿ, ನಡುವಿನಿಂದ ನಾಲ್ಕೂ ದಿಕ್ಕಿಗೆ ಸಾಲು ಹಾಕಿ. ಸಾಲಿನಿಂದ ಸಾಲಿಗೆ ಒಂದು ಗೇಣಿಗಿಂತ ಹೆಚ್ಚು ಅಂತರ ಬೇಡ. ನೆಲಕ್ಕೆ ಬಾಗಿ ಎರಡು-ಮೂರು ಗಂಟೆ ಮಾಡುವ ಕೆಲಸ, ಸೊಂಟ ಹಿಡಿಯುತ್ತದೆ ನಿಜ. ಆದರೆ ಆಮೇಲಿನ ನಲವತ್ತು ಗಂಟೆ ಇದರ ಮೇಲೇ ನಿಂತಿದೆ. ಕೆಳಗೆ ಒಂದು ಹಳೆಯ ಕಾರ್ಡ್‌ಬೋರ್ಡ್ ತುಂಡು ಸರಿಸುತ್ತ ಹೋದರೆ ಸೂಜಿ ಚಾಪೆಗೋ ಜಮಖಾನೆಗೋ ಸಿಕ್ಕಿಕೊಳ್ಳುವುದಿಲ್ಲ.

ದಾರದ ಬಿಗಿ ಕೈಗೆ ಬರಲು ಸ್ವಲ್ಪ ಅಭ್ಯಾಸ ಬೇಕು. ಬಲಗೈಯಲ್ಲಿ ಹೊಲಿಯುವವರಾದರೆ ಎಡಗೈ ಕೌದಿಯ ಕೆಳಗಿರಲಿ. ಸೂಜಿಯನ್ನು ನೆಟ್ಟಗೆ ಚುಚ್ಚಿ. ತುದಿ ಕೆಳಗಿನ ಬೆರಳಿಗೆ ತಾಕಿದ್ದು ತಿಳಿದ ಕ್ಷಣ ಸೂಜಿಯ ಹಿಂಭಾಗವನ್ನು ಬಟ್ಟೆಗೆ ಒರಗಿಸಿ, ಕೆಳಗಿನ ಬೆರಳಿನಿಂದ ಬಟ್ಟೆಯನ್ನು ಸಣ್ಣ ದಿಬ್ಬದಂತೆ ಮೇಲೆತ್ತಿ. ತುದಿ ತಾನಾಗಿ ಮೇಲೆ ಬರುತ್ತದೆ. ಮತ್ತೆ ನೆಟ್ಟಗೆ, ಮತ್ತೆ ಓರೆ. ತೊಟ್ಟಿಲು ತೂಗಿದಂಥ ಚಲನೆ ಅದು. ಹೀಗೆ ಮೂರು-ನಾಲ್ಕು ಹೊಲಿಗೆ ಸೂಜಿಗೆ ಏರಿದ ಮೇಲೆ ಒಮ್ಮೆಲೇ ಎಳೆಯಿರಿ. ಐದು ಪದರದ ಮೂಲಕ ದಾರ ಸರಿಯುವಾಗ ಸರ್ರೆಂಬ ಸಣ್ಣ ಸದ್ದು ಕೇಳುತ್ತದೆ. ಸದ್ದು ನಿಂತಲ್ಲಿ ಎಳೆಯುವುದನ್ನೂ ನಿಲ್ಲಿಸಬೇಕು. ಅದರ ಮೇಲೆ ಎಳೆದ ಪ್ರತಿ ಎಳೆತವೂ ಸುಕ್ಕು. ಆಮೇಲೆ ಹೊಲಿದಷ್ಟು ಉದ್ದವನ್ನು ಹೆಬ್ಬೆರಳಿನಿಂದ ಒಮ್ಮೆ ಮುಂದಕ್ಕೆ ಸವರಿ. ಹೆಚ್ಚು ಬಿಗಿಯಾಗಿದ್ದರೆ ಆಗಲೇ ಸಡಿಲವಾಗುತ್ತದೆ.

ಮೇಲೆ ಕಾಣುವ ಹೊಲಿಗೆ ಜೋಳದ ಕಾಳಿನಷ್ಟಿದ್ದು, ನಡುವಿನ ಬಿಡುವೂ ಅಷ್ಟೇ ಇದ್ದರೆ ಇಂಚಿಗೆ ಮೂರು ಹೊಲಿಗೆ ಬೀಳುತ್ತವೆ. ಐದು ಪದರಕ್ಕೆ ಅದು ಒಳ್ಳೆಯ ಅಳತೆ. ಇನ್ನೂ ಸಣ್ಣದು ಮಾಡಬೇಕೆಂಬ ಹಟ ಬೇಡ. ಹೊಲಿಗೆ ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ಎಲ್ಲ ಸಾಲನ್ನೂ ಒಂದೇ ದಿಕ್ಕಿನಿಂದ ಹೊಲಿದರೆ ಮೇಲಿನ ಬಟ್ಟೆ ಪ್ರತಿ ಸಾಲಿಗೂ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಐವತ್ತನೆಯ ಸಾಲಿಗೆ ಬರುವ ಹೊತ್ತಿಗೆ ಅದು ಬೆರಳಗಲದ ಮಡಿಕೆ. ಒಂದು ಸಾಲು ಹೋಗುತ್ತ, ಮುಂದಿನದು ಬರುತ್ತ ಹೊಲಿಯಿರಿ.

ಒಂದು ಮಾತು. ಮೊದಲ ಒಗೆತದ ಬಳಿಕ ಸಾಲುಗಳ ನಡುವೆ ಏಳುವ ಸಣ್ಣ ಅಲೆಗಳು ದೋಷವಲ್ಲ. ಕೌದಿಯ ಮೇಲೆ ಕೈಯಾಡಿಸಿದಾಗ ಉತ್ತ ಹೊಲದ ಸಾಲಿನಂತೆ ಬೆರಳಿಗೆ ಸಿಗುವುದು ಅದೇ. ಅಲೆ ಕೌದಿಯ ತುಂಬ ಒಂದೇ ಸಮ ಹರಡಿರುತ್ತದೆ, ಸುಕ್ಕು ಒಂದು ಕಡೆ ಗುಂಪಾಗಿರುತ್ತದೆ. ವ್ಯತ್ಯಾಸ ಅಷ್ಟೇ.

ದಾರ ಮಾತುಮಾತಿಗೆ ಗಂಟಾಗುತ್ತದೆ. ಸೂಜಿ ಎರಡು ಸಲ ಮುರಿಯಿತು. ಯಾವ ನಂಬರಿನ ಸೂಜಿ-ದಾರ ತರಬೇಕು?
— ಓದುಗರು, ಶಿವಮೊಗ್ಗ

ಕೈಸೂಜಿಯಲ್ಲಿ ನಂಬರು ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ. ಐದು ಪದರಕ್ಕೆ ಉದ್ದ ಕಣ್ಣಿನ ಕಸೂತಿ ಸೂಜಿ, 3ರಿಂದ 5ನೇ ನಂಬರು ಹೊಂದುತ್ತದೆ. ತೀರ ದಪ್ಪದ್ದು ಬೇಡ. ದಬ್ಬಣ ಗೋಣಿಚೀಲಕ್ಕೆ ಸರಿ, ಸವೆದ ಸೀರೆಯಲ್ಲಿ ಅದು ಎಳೆಗಳನ್ನೇ ಕಡಿದು ತೂತು ಮಾಡುತ್ತದೆ. ತೀರ ಸಣ್ಣದೂ ಬೇಡ. ಸೂಜಿಯ ಕಣ್ಣು ಬಟ್ಟೆಯಲ್ಲಿ ದಾರಕ್ಕೆ ದಾರಿ ಬಿಡಿಸಿಕೊಡಬೇಕು. ಕಣ್ಣು ಚಿಕ್ಕದಿದ್ದರೆ ದಾರ ಪ್ರತಿ ಹೊಲಿಗೆಗೂ ತಿಕ್ಕಿ ಸವೆಯುತ್ತದೆ, ನೀವು ಬಲ ಹಾಕಿ ಎಳೆಯುತ್ತೀರಿ, ಸೂಜಿ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ನಿಮ್ಮದು ಹೀಗೇ ಮುರಿದಿರಬೇಕು. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಬಳಸುವುದೂ ಬೇಡ.

ದಾರ ಹತ್ತಿಯದ್ದಾಗಿರಲಿ. ಹೊಲಿಗೆ ಮಿಷನ್ನಿನ 40ನೇ ನಂಬರಿನ ದಾರ ಒಂದೆಳೆಗೆ ತೆಳು. ಎರಡೆಳೆ ಮಾಡಿ ಹೊಲಿಯಬಹುದು, ಆದರೆ ಎರಡೆಳೆ ಒಂದಕ್ಕೊಂದು ಸುತ್ತಿಕೊಂಡು ಗಂಟಾಗುವುದು ಸಹಜ. ಕಸೂತಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪರ್ಲ್ ಕಾಟನ್ 8ನೇ ನಂಬರಿನ ಉಂಡೆ ಒಂದೆಳೆಗೇ ಸಾಕಾಗುತ್ತದೆ, ಹೊಲಿಗೆಯೂ ತುಂಬಿಕೊಂಡು ಕಾಣುತ್ತದೆ. ಮೇಲೆ ಹೇಳಿದ ಅಳತೆಯ ಕೌದಿಗೆ 2 ಸೆಂಟಿಮೀಟರಿಗೊಂದು ಸಾಲು ಹಾಕಿದರೆ 75 ಸಾಲು, 165 ಮೀಟರ್ ಹೊಲಿಗೆ. ದಾರ ಮೇಲೆ-ಕೆಳಗೆ ಇಳಿಯುವುದಕ್ಕೆ ನೂರಕ್ಕೆ ಹದಿನೈದರಷ್ಟು ಸೇರಿಸಿ, ಗಂಟಿನ ತುದಿಗಳೂ ಸೇರಿ 200 ಮೀಟರಿಗಿಂತ ತುಸು ಹೆಚ್ಚೇ ಬೇಕು. ಉಂಡೆಯ ಚೀಟಿಯಲ್ಲಿ 80 ಮೀಟರ್ ಎಂದಿದ್ದರೆ ಮೂರು ಉಂಡೆ. ಎಲ್ಲವನ್ನೂ ಒಂದೇ ಸಲ ಕೊಳ್ಳಿ. ತಿಂಗಳ ಮೇಲೆ ಹೋದರೆ ಅದೇ ನಂಬರಿನ ಬಣ್ಣದಲ್ಲೂ ಸಣ್ಣ ವ್ಯತ್ಯಾಸ ಇರಬಹುದು.

ಗಂಟಾಗುವುದಕ್ಕೆ ಮುಖ್ಯ ಕಾರಣ ಉದ್ದ. ಮತ್ತೆಮತ್ತೆ ಪೋಣಿಸುವ ಬೇಸರಕ್ಕೆ ಒಂದು ಮಾರು ದಾರ ತೆಗೆದುಕೊಳ್ಳುತ್ತೇವೆ. ಒಂದೂವರೆ ಮೊಳ ಸಾಕು. ಅದಕ್ಕಿಂತ ಉದ್ದವಿದ್ದರೆ ದಾರದ ಕೊನೆಯ ಭಾಗ ಐದು ಪದರದ ಮೂಲಕ ನೂರಾರು ಸಲ ಹಾದು ನಾರುನಾರಾಗಿರುತ್ತದೆ. ಉಂಡೆಯಿಂದ ಮೊದಲು ಬಿಚ್ಚಿಬಂದ ತುದಿಯನ್ನು ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ನಾರು ಅಡಗುತ್ತದೆ. ನಡುನಡುವೆ ಕೌದಿಯನ್ನು ಎತ್ತಿ ಸೂಜಿಯನ್ನು ತೂಗಲು ಬಿಡಿ, ಹುರಿ ತಾನೇ ಬಿಚ್ಚಿಕೊಳ್ಳುತ್ತದೆ.

ಗಂಟನ್ನು ಹೊರಗೆ ಬಿಡಬೇಡಿ. ಮೇಲಿನ ಪದರದಿಂದ ಸೂಜಿ ಹಾಕಿ ಒಳಪದರದಲ್ಲೇ ಎರಡು ಇಂಚು ಸಾಗಿಸಿ, ಸಾಲು ಶುರುವಾಗುವಲ್ಲಿ ಹೊರತೆಗೆದು ಹಗುರಾಗಿ ಜಗ್ಗಿದರೆ ಗಂಟು ಪಟಕ್ಕನೆ ಒಳಗೆ ಹೋಗುತ್ತದೆ. ಆ ಪಟಕ್ ಎಂಬುದು ಬೆರಳಿಗೇ ತಿಳಿಯುತ್ತದೆ.

ಒಂದು ಗಂಟೆ ಹೊಲಿದರೆ ಹೆಬ್ಬೆರಳಿನ ಬುಡ ನೋಯುತ್ತದೆ. ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿ) ಹಾಕಿದರೆ ಕೈಯೇ ಆಡುವುದಿಲ್ಲ.
— ಓದುಗರು, ಮೈಸೂರು

ಹೆಬ್ಬೆರಳು ನೋಯುವುದು ಚುಚ್ಚುವುದರಿಂದಲ್ಲ, ಸೂಜಿಯನ್ನು ಚಿವುಟಿ ಹಿಡಿದು ಎಳೆಯುವುದರಿಂದ. ಒಡೆದ ಬಲೂನಿನದ್ದೋ ರಬ್ಬರ್ ಕೈಗವಸಿನದ್ದೋ ಎರಡು ಇಂಚಿನ ತುಂಡು ಹತ್ತಿರವಿಟ್ಟುಕೊಳ್ಳಿ. ಅದರಿಂದ ಸೂಜಿ ಹಿಡಿದರೆ ಅರ್ಧ ಬಲ ಸಾಕು, ಜಾರುವುದಿಲ್ಲ. ಸೂಜಿಯನ್ನು ಒಣ ಸೋಪಿನ ತುಂಡಿಗೆ ಚುಚ್ಚಿ ತೆಗೆದರೂ ಸಲೀಸಾಗಿ ಹೋಗುತ್ತದೆ. ತಲೆಗೂದಲಿಗೆ ಸವರುವ ಅಜ್ಜಿಯರ ಉಪಾಯವೂ ಇದೇ ಕೆಲಸ ಮಾಡುತ್ತದೆ, ಆದರೆ ಎಣ್ಣೆ ಹಚ್ಚಿದ ದಿನ ಬಿಳಿ ಬಟ್ಟೆಗೆ ಕಲೆಯಾದೀತು.

ಅಂಗುಸ್ತಾನ ನಡುಬೆರಳಿಗೆ ಇರಬೇಕು, ತೋರುಬೆರಳಿಗಲ್ಲ. ಕೈ ಕೆಳಗೆ ಮಾಡಿ ಅಲುಗಿಸಿದರೆ ಬೀಳಬಾರದು, ತೆಗೆದಾಗ ಬೆರಳಿಗೆ ಗುರುತು ಉಳಿಯಬಾರದು. ಮೈಮೇಲಿನ ಗುಳಿಗಳು ಆಳವಾಗಿರುವುದನ್ನು ಆರಿಸಿ. ಗುಳಿ ಸವೆದದ್ದಾದರೆ ಸೂಜಿಯ ಹಿಂಭಾಗ ಜಾರಿ ಉಗುರಿನ ಸಂದಿಗೆ ಹೋಗುತ್ತದೆ. ಮೊದಲ ನಾಲ್ಕೈದು ದಿನ ಅದು ಹೊರೆಯೆನಿಸುತ್ತದೆ, ಬಿಡಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಚ್ಚಿ. ಬಲಗೈಯವರಿಗೆ ಬೆಳಕು ಎಡದಿಂದ ಬೀಳಲಿ. ಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುವಂತಿದ್ದರೆ ಹೊಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸಿದ್ದಿಯರ ಕವಂದಿಯಲ್ಲಿ ಕಚ್ಚಾ ಹೊಲಿಗೆಯೇ ಇರುವುದಿಲ್ಲವಂತೆ. ಹಾಗಾದರೆ ಸುಕ್ಕು ಹೇಗೆ ಬೀಳುವುದಿಲ್ಲ?
— ಓದುಗರು, ಶಿರಸಿ

ಒಳ್ಳೆಯ ಪ್ರಶ್ನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಸೀಮೆಯ ಸಿದ್ದಿ ಮಹಿಳೆಯರು ಹೊಲಿಯುವ ಕ್ರಮವೇ ಬೇರೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ವಂಶಸ್ಥರು ಅವರು. ಅವರ ಕೌದಿಯಾದ ಕವಂದಿ ಈಗ ದೇಶದಾಚೆಯ ಪ್ರದರ್ಶನಗಳಲ್ಲೂ ಹೆಸರು ಮಾಡಿದೆ.

ಬಯಲುಸೀಮೆಯ ಕೌದಿಯನ್ನು ಎಲ್ಲ ಹಾಸಿ ಮುಗಿಸಿ ಆಮೇಲೆ ಹೊಲಿಯುತ್ತೇವೆ. ಕವಂದಿಯಲ್ಲಿ ಅಸ್ತರನ್ನು, ಹೆಚ್ಚಾಗಿ ಒಂದು ಸೀರೆಯನ್ನು, ಹಾಸಿ ಒಂದು ಮೂಲೆಯಿಂದ ಆರಂಭಿಸುತ್ತಾರೆ. ಅಸ್ತರಿನ ಅಂಚನ್ನು ಮಡಚಿ, ಅದರ ಮೇಲೆ ಒಂದು ತೇಪೆ ಇಟ್ಟು, ಅದರ ಬದಿ ಒಳಮಡಚಿ, ಓಡು ಹೊಲಿಗೆ ಹಾಕುತ್ತ ಅಂಚಿನ ಗುಂಟ ಹೋಗುತ್ತಾರೆ. ಪಕ್ಕದ ತೇಪೆ ಹಿಂದಿನದರ ಬದಿಯನ್ನು ಮುಚ್ಚುತ್ತದೆ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಒಳಸುತ್ತು, ಮತ್ತೆ ಒಳಸುತ್ತು, ಕೊನೆಗೆ ನಡುವಿನಲ್ಲಿ ಮುಗಿತಾಯ. ಮೇಲಿನ ಪದರ ಒಂದೇ ದೊಡ್ಡ ಬಟ್ಟೆಯಲ್ಲವಲ್ಲ, ಹಾಗಾಗಿ ಎಷ್ಟೇ ಸಡಿಲ ಬಂದರೂ ಅದು ಮುಂದಿನ ತೇಪೆಯ ಮಡಿಕೆಯಲ್ಲಿ ಮುಗಿದುಹೋಗುತ್ತದೆ. ಪ್ರತಿ ತೇಪೆಯನ್ನೂ ಹೊಲಿಯುವ ಮುಂಚೆ ಅಲ್ಲಲ್ಲೇ ಸವರಿಕೊಳ್ಳುವುದರಿಂದ ಗುಳ್ಳೆ ಕೂಡಿಬರಲು ಅವಕಾಶವೇ ಇಲ್ಲ.

ನೀವು ಮಾಡುವಾಗ ಎಡವುವುದು ನಡುಭಾಗದಲ್ಲಿ. ಅಸ್ತರಿನ ಸಡಿಲ ಸುತ್ತಲಿಂದಲೂ ನಡುವಿಗೆ ತಳ್ಳಿಕೊಂಡು ಬಂದಿರುತ್ತದೆ. ಪ್ರತಿ ಸುತ್ತು ಮುಗಿದ ಮೇಲೆ ಕವಂದಿಯನ್ನು ತಿರುವಿ ಹಾಕಿ ಅಸ್ತರು ನೋಡಿ; ಸಡಿಲ ಕಂಡರೆ ಆ ಸುತ್ತಿನಲ್ಲೇ ಹೊಲಿಗೆಯಿಂದ ಹೊಲಿಗೆಗೆ ಸ್ವಲ್ಪ ಸ್ವಲ್ಪವಾಗಿ ಹಂಚಿಬಿಡಿ. ಮೊದಲ ಸಲಕ್ಕೆ ತೊಟ್ಟಿಲ ಮಗುವಿನ ಅಳತೆ, 75 ಸೆಂಟಿಮೀಟರಿಗೆ 1 ಮೀಟರ್ ತೆಗೆದುಕೊಳ್ಳುವುದು ಕ್ಷೇಮ.

ಮೂಲೆಗಳಲ್ಲಿ ಬಟ್ಟೆಯ ಚೌಕಗಳನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಹೂವಿನಂತೆ ಹಚ್ಚುತ್ತಾರೆ. ಅದನ್ನು ಫುಲಾ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬತ್ತಲೆ. ಅವರ ಕ್ರಮದಲ್ಲಿ ಹೊಲಿದದ್ದನ್ನು ಯಾರಿಗಾದರೂ ಮಾರುವುದಾದರೆ ಇದು ಸಿದ್ದಿಯರಿಂದ ಕಲಿತ ವಿಧಾನ ಎಂದು ಹೇಳಿ ಮಾರಿ.

ಕೌದಿಯ ಮೇಲೆ ಕಸೂತಿ ಹಾಕಬೇಕೆಂಬ ಆಸೆ. ಎಲ್ಲ ಪದರ ಹೊಲಿದ ಮೇಲೆ ಹಾಕಬಹುದೇ?
— ಓದುಗರು, ಹುಬ್ಬಳ್ಳಿ

ಆಗದು. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಅದರ ಗಾವಂತಿ, ಮುರ್ಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಐದು ಪದರದಲ್ಲಿ ಎಳೆ ಎಣಿಸಿದರೂ ಸೂಜಿ ಓರೆಯಾಗಿ ಇಳಿದು ಹಿಂಬದಿ ಕೆಡುತ್ತದೆ. ಒಂಟಿ ಬಟ್ಟೆಯ ಮೇಲೆ ಮೊದಲು ಕಸೂತಿ ಮುಗಿಸಿ, ಸುತ್ತ ಎರಡು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ, ಅದನ್ನೇ ನಡುವಿನ ತೇಪೆಯಾಗಿ ಹಚ್ಚಿ. ಕೌದಿಯ ಸಾಲುಗಳನ್ನು ಕಸೂತಿಯ ಗೋಪುರ, ತೇರಿನ ಚಿತ್ರಗಳ ಹೊರಗೆರೆಯ ಸುತ್ತ ಹಾಯಿಸಿ, ಅದರ ಮೇಲೆ ಹಾಯಿಸಬೇಡಿ. ತುಂಬಿದ ನೇಯ್ಗೆ ಹೊಲಿಗೆಗಿಂತ ಗಾವಂತಿಯ ತೆಳು ಗೆರೆಗಳು ಒಗೆತಕ್ಕೆ ಚೆನ್ನಾಗಿ ತಾಳುತ್ತವೆ.

ಊರಿನ ಮಹಿಳೆಯರಿಂದ ಕೌದಿ ಹೊಲಿಸಬೇಕೆಂದಿದ್ದೇನೆ. ಒಂದು ಕೌದಿಗೆ ಇಷ್ಟು ಎಂದು ಗುತ್ತಿಗೆ ಕೊಡಲೋ, ದಿನಗೂಲಿ ಕೊಡಲೋ?
— ಓದುಗರು, ಬಾಗಲಕೋಟೆ

ಗಂಟೆ ಲೆಕ್ಕ ಹಾಕಿ, ಆಮೇಲೆ ಕೌದಿಗೆ ಇಷ್ಟು ಎಂದು ನಿಗದಿ ಮಾಡಿ. ಒಂದು ಕೌದಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬ ಅಂದಾಜು ಹೊಲಿಸುವವರಿಗೆ ಇರುವುದಿಲ್ಲ, ಕೇಳುವ ಸಂಕೋಚ ಹೊಲಿಯುವವರಿಗೆ. ನಷ್ಟ ಯಾವಾಗಲೂ ಅವರದ್ದೇ. ಕೈ ಪಳಗಿದವರು ಗಂಟೆಗೆ 4 ಮೀಟರ್ ಸಾಗುತ್ತಾರೆಂದು ಇಟ್ಟುಕೊಂಡರೆ, 2 ಸೆಂಟಿಮೀಟರ್ ಅಂತರದ 165 ಮೀಟರಿಗೆ 41 ಗಂಟೆ. ಸಾಲುಗಳನ್ನು ಅರ್ಧ ಇಂಚಿಗೆ ಒತ್ತಾಗಿ ಹಾಕಿಸಿದರೆ 120 ಸಾಲು, 264 ಮೀಟರ್, 66 ಗಂಟೆ. ನೋಡಲು ಸ್ವಲ್ಪ ಒತ್ತು ಅಷ್ಟೇ, ದುಡಿಮೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಇದರ ಮೇಲೆ ಕತ್ತರಿಸುವುದು, ಹಾಸುವುದು, ಕಚ್ಚಾ ಹೊಲಿಗೆ, ತೇಪೆ, ಅಂಚು ಸೇರಿ ಇನ್ನೊಂದು ಹತ್ತು-ಹದಿನೈದು ಗಂಟೆ. ನಿಮ್ಮಲ್ಲಿ ಹೊಲಿಯುವವರ ಕೈವೇಗವನ್ನು ಒಂದು ಗಂಟೆ ಕೂತು ಅಳೆದು, ಅವರೆದುರಿಗೇ ಈ ಲೆಕ್ಕ ಮಾಡಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೈಹೊಲಿಗೆ ಕೇಳಬೇಡಿ. ಆರನೆಯ ಗಂಟೆಯ ಹೊಲಿಗೆ ಉದ್ದವಾಗಿರುತ್ತದೆ, ಮರುದಿನ ಬಿಚ್ಚಬೇಕಾಗುತ್ತದೆ.

ಇಲ್ಲಿ ಚಳಿ ಹೆಚ್ಚು. ಸೀರೆಗಳ ಬದಲು ಅಂಗಡಿಯಲ್ಲಿ ಸಿಗುವ ಬ್ಯಾಟಿಂಗ್ ಹಾಳೆ (ರಜಾಯಿಯೊಳಗೆ ಹಾಕುವ ಉಬ್ಬಿದ ಹಾಳೆ) ಒಳಗೆ ಹಾಕಿದರೆ ಕೌದಿ ಎನಿಸೀತೇ?
— ಓದುಗರು, ನ್ಯೂಜೆರ್ಸಿ

ಬೆಚ್ಚಗಂತೂ ಇರುತ್ತದೆ. ಉಬ್ಬಿದ ಹಾಳೆಯಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ. ಆದರೆ ಅದು ನೇಯ್ದ ಬಟ್ಟೆಯಲ್ಲ. ಸಾಲುಗಳ ಅಂತರ ಹೆಚ್ಚಾದರೆ ಒಗೆದಾಗ ಹರಿದು ಉಂಡೆಯಾಗುತ್ತದೆ. ಎಷ್ಟು ಅಂತರದೊಳಗೆ ಹೊಲಿಯಬೇಕೆಂದು ಅದರ ಚೀಟಿಯಲ್ಲೇ ಬರೆದಿರುತ್ತದೆ, ಅದನ್ನು ಮೀರಬೇಡಿ. ಕೈಗೆ ಸಿಗುವ ಹಿತವೂ ಬೇರೆ. ಬ್ಯಾಟಿಂಗಿನ ರಜಾಯಿ ಮೇಲೆ ತೇಲಿದಂತಿರುತ್ತದೆ, ಸೀರೆಯ ಕೌದಿ ಮೈಗೆ ಭಾರವಾಗಿ ಒರಗುತ್ತದೆ. ನಮ್ಮ ಸಲಹೆ: ತೆಳುವಾದ ಹತ್ತಿಯ ಹಾಳೆಯನ್ನು ಎರಡು ಸೀರೆ ಪದರಗಳ ನಡುವೆ ಇಡಿ. ಹತ್ತಿಯ ಹಾಳೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಾಗಾಗಿ ನಾಲ್ಕೂ ಬದಿಗೆ ಎರಡು ಇಂಚು ಹೆಚ್ಚು ಅಳತೆ ಇಟ್ಟುಕೊಳ್ಳಿ.

ಬೆರಳಿಗೆ ಸೂಜಿ ಚುಚ್ಚಿ ಬಿಳಿ ತೇಪೆಗೆ ರಕ್ತ ತಾಗಿದೆ. ಕೌದಿಯನ್ನು ಒಗೆಯುವುದು ಹೇಗೆ?
— ಓದುಗರು, ಉಡುಪಿ

ರಕ್ತ ಹಸಿಯಿದ್ದಾಗಲೇ ನಿಮ್ಮದೇ ಎಂಜಲು ಹಚ್ಚಿ ಒತ್ತಿ ಒರೆಸಿ, ಆಮೇಲೆ ತಣ್ಣೀರು. ಬಿಸಿನೀರು, ಇಸ್ತ್ರಿ ತಾಗಿದರೆ ಕಲೆ ಕೂತುಬಿಡುತ್ತದೆ.

ಎರಡು ಕಿಲೋದ ಕೌದಿ ನೀರು ಕುಡಿದರೆ ಐದು ಕಿಲೋ ದಾಟಬಹುದು. ಒಂದು ಮೂಲೆ ಹಿಡಿದು ಎತ್ತಿದರೆ ಆ ಭಾರವೆಲ್ಲ ನಾಲ್ಕು ಹೊಲಿಗೆಯ ಮೇಲೆ ಬೀಳುತ್ತದೆ. ದೊಡ್ಡ ಟಬ್ಬಿನಲ್ಲಿ ನೆನೆಹಾಕಿ, ಕಾಲಿನಿಂದ ಮೆಲ್ಲಗೆ ತುಳಿದು, ನೀರು ಬಸಿಯಲು ಬಿಟ್ಟು, ಇಬ್ಬರು ಸೇರಿ ಎತ್ತಿ. ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ. ಒಂದೇ ಹಗ್ಗಕ್ಕೆ ಬದಲು ಒಂದು ಮೊಳ ಅಂತರದ ಎರಡು ಹಗ್ಗಗಳ ಮೇಲೆ ಹರವಿದರೆ ಗಾಳಿಯೂ ಆಡುತ್ತದೆ, ನಡುವೆ ಗೆರೆಯೂ ಬೀಳುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಒಗೆಯುವ ಸಾಹಸ ಬೇಡ. ಒಳಪದರ ಒಣಗದೆ ಬೂಸಲು ಹಿಡಿದರೆ ಆ ವಾಸನೆ, ಆ ಕಪ್ಪು ಚುಕ್ಕೆ ಎರಡೂ ಹೋಗುವುದಿಲ್ಲ.

ನಮ್ಮವ್ವ ಹೊಲ್ದ ಕೌದಿ ಮೂವತ್ತ ವರ್ಷದ್ದು. ನಡಕ ಹರದೈತಿ, ಅಂಚೂ ಕಿತ್ತೈತಿ. ಪೂರಾ ಬಿಚ್ಚಿ ಹೊಸದಾಗಿ ಹೊಲೀಲೋ, ಹಂಗ ಮ್ಯಾಲ ತ್ಯಾಪಿ ಹಚ್ಚಲೋ?
— ಓದುಗರು, ಗದಗ

ಬಿಚ್ಚಬೇಡಿ. ಮೂವತ್ತು ವರ್ಷ ಕೂಡಿಬಾಳಿದ ಪದರಗಳಲ್ಲಿ ಈಗ ಬಟ್ಟೆಗಿಂತ ದಾರಕ್ಕೇ ಬಲ ಹೆಚ್ಚು. ದಾರ ಕಿತ್ತರೆ ಒಳಗಿನ ಸೀರೆ ಚಿಂದಿಯಾಗಿ ಕೈಗೆ ಬರುತ್ತದೆ. ಹರಿದ ಜಾಗದ ಸುತ್ತ ಬಟ್ಟೆ ಗಟ್ಟಿ ಇರುವವರೆಗೂ ಬೆರಳಿನಿಂದ ಒತ್ತಿ ನೋಡುತ್ತ ಹೋಗಿ. ಹರಕು ಅಂಗೈಯಷ್ಟಿದ್ದರೂ ಸವೆತ ಅದರ ಎರಡರಷ್ಟು ಹಬ್ಬಿರುತ್ತದೆ. ತ್ಯಾಪಿ ಆ ಗಟ್ಟಿ ಭಾಗವನ್ನು ಎರಡು ಬೆರಳಾದರೂ ಹಿಡಿಯಬೇಕು. ಹರಕಿನಷ್ಟೇ ದೊಡ್ಡ ತ್ಯಾಪಿ ಹಚ್ಚಿದರೆ ಆರು ತಿಂಗಳಲ್ಲಿ ಅದರ ಬದಿಯಲ್ಲೇ ಮತ್ತೆ ಹರಿಯುತ್ತದೆ.

ಒಳಪದರ ಹೊರಬಂದಿದ್ದರೆ ಕತ್ತರಿಸದೆ ಒಳಗೇ ಸರಿಸಿ, ತೆಳುವಾದ ಹಳೆಯ ಪಂಚೆಯ ತುಂಡು ತುಂಬಿಸಿ. ತ್ಯಾಪಿಗೂ ಒಗೆದು ಮೆತ್ತಗಾದ ಬಟ್ಟೆಯೇ ಬೇಕು. ಹೊಸ ಗಡಸು ಬಟ್ಟೆ ಪಕ್ಕದ ಹಳೆಯದನ್ನು ಜಗ್ಗಿ ಹರಿಯುತ್ತದೆ. ಬದಿಯನ್ನು ಒಳಮಡಚಿ ಸುತ್ತ ಹೊಲಿದಾದ ಮೇಲೆ, ಅವ್ವನ ಸಾಲುಗಳು ತ್ಯಾಪಿಯ ಕೆಳಗೆ ಎಲ್ಲಿ ಮರೆಯಾದವು, ಆಚೆ ಬದಿ ಎಲ್ಲಿ ಹೊರಟವು ನೋಡಿ, ಅದೇ ಜಾಡಿನಲ್ಲಿ ಹೊಸ ಸಾಲು ಎಳೆಯಿರಿ. ದಾರ ಸ್ವಲ್ಪ ಸಡಿಲವಿರಲಿ.

ಅಂಚಿಗೆ ನಾಲ್ಕು ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ, ಅದರ ಬಿಡಿ ಬದಿಗಳೆರಡನ್ನೂ ಮತ್ತೆ ಅರ್ಧ ಇಂಚು ಒಳಮಡಚಿ, ಹಳೆಯ ಅಂಚನ್ನು ನಡುವೆ ಸೇರಿಸಿ ಮುಂದೆ-ಹಿಂದೆ ಒಟ್ಟಿಗೆ ಹೊಲಿಯಿರಿ. ಮೂಲೆಯಲ್ಲಿ ಪಟ್ಟಿಯನ್ನು ಕತ್ತರಿಸದೆ ಮಡಚಿ ತಿರುಗಿಸಿ. ಕತ್ತರಿಸಿ ಕೂಡಿಸಿದ ಮೂಲೆ ಮೊದಲು ಬಿಚ್ಚುತ್ತದೆ.